ಚಂದ್ರಶೇಖರರ ಬಲಗೈ

ನಮ್ಮ ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ಸಾಯಂಕಾಲ ನಡೆದುಹೋಗುವವರಿಗೆ ಎರಡು ಅಪಾಯಗಳುಂಟು. ಒಂದು ಸ್ಕೂಟರು, ಇನ್ನೊಂದು ಹುಡುಗರ ಚೆಂಡು. ಮೊದಲನೆಯದನ್ನು ಕುರಿತು ಮತ್ತೊಮ್ಮೆ ಬರೆದೇವು. ಎರಡನೆಯದು ಹೋದ ತಿಂಗಳು ನಮ್ಮ ಮನೆಯ ತುಳಸಿಕಟ್ಟೆಯ ಮೇಲೆ ಬಂದು ಬಿದ್ದುದೇ ಈ ಲೇಖನಕ್ಕೆ ನಿಮಿತ್ತವಾಯಿತು. ಚೆಂಡನ್ನು ಕೇಳಿಕೊಂಡು ಬಂದವನು ನೆರೆಮನೆಯ ಹುಡುಗ, ವಯಸ್ಸು ಹನ್ನೊಂದು. ಹುಟ್ಟಿದಂದಿನಿಂದ ಅವನ ಬಲಗೈ ಎಡಗೈಯಷ್ಟು ತುಂಬಿಕೊಂಡಿಲ್ಲ. ಅವನ ತಂದೆ ಒಳ್ಳೆಯ ಮನುಷ್ಯರು. ಮಗನು ಎಂದಾದರೂ ಮುಖ ಸಪ್ಪಗೆ ಮಾಡಿಕೊಂಡು ಆಟದಿಂದ ಹಿಂದಿರುಗಿದರೆ, ಅವನನ್ನು ಹತ್ತಿರ ಕೂರಿಸಿಕೊಂಡು ಬಿ. ಎಸ್. ಚಂದ್ರಶೇಖರರ ಕಥೆಯನ್ನು ಹೇಳುವುದು ಅವರ ಪದ್ಧತಿ: ಪೋಲಿಯೋದಿಂದ ಸೊರಗಿದ ಕೈಯೇ ಚಂದ್ರಶೇಖರರಿಗೆ ವರವಾಯಿತು, ಆ ಕೈಯಿಂದಲೇ ಅವರು ಇಂಗ್ಲೆಂಡನ್ನು ಗೆದ್ದರು, ನಿನ್ನ ಕೈಯೂ ಹಾಗೆಯೇ, ಎಂದು.

ಆ ದಿನ ಹುಡುಗನು ಚೆಂಡನ್ನು ತೆಗೆದುಕೊಂಡವನೇ ಹೋಗಲಿಲ್ಲ. “ಮೇಷ್ಟ್ರೇ, ನನ್ನ ಕೈಯೂ ಸಣ್ಣದೇ ಅಲ್ವಾ? ಮತ್ತೆ ನನ್ನ ಬಾಲ್ ಯಾಕೆ ತಿರುಗಲ್ಲ?” ಎಂದು ಕೇಳಿದನು.

ನಮಗೆ ಥಟ್ಟನೆ ಉತ್ತರ ತೋಚಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿ ಸಂಬಳ ತೆಗೆದುಕೊಂಡ ನಮಗೆ ಇದು ನಾಚಿಕೆಯ ಸಂಗತಿಯೇ ಸರಿ. ನಾಳೆ ಹೇಳುತ್ತೇವೆಂದು ಅವನನ್ನು ಕಳುಹಿಸಿ, ಚಂದ್ರಶೇಖರರ ಆಟದ ಗುಣದೋಷಗಳನ್ನು ಮೊದಲಿನಿಂದ ವಿಚಾರಿಸಿ ನೋಡಲು ಉದ್ಯುಕ್ತರಾದೆವು. ಸಮಾಧಾನಕ್ಕೆಂದು ಮಕ್ಕಳಿಗೆ ಹೇಳುವ ಕಥೆ ನಿಜವಾದುದೇ ಎಂದು ನೋಡಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಕಡಮೆ. ನಾವೂ ಅದಕ್ಕೆ ಹೊರತಲ್ಲ.

ಚಂದ್ರಶೇಖರರು ಹುಟ್ಟಿದುದು ಮೈಸೂರಿನಲ್ಲಿ, 1945ರ ಮೇ 17ರಂದು. ಬಾಲ್ಯದಲ್ಲಿಯೇ, ಐದಾರು ವರ್ಷದ ವಯಸ್ಸಿನಲ್ಲಿ, ಪೋಲಿಯೋ ಬಂದು ಬಲಗೈಯನ್ನು ಹಿಡಿದುಕೊಂಡಿತು. ಈಗಿನ ತಾಯಂದಿರಿಗೆ ಆ ರೋಗದ ಭಯ ಎಂಥದೆಂದು ತಿಳಿಯದು, ಅವರ ಪುಣ್ಯ. ಸಾಕ್ ಎಂಬ ವೈದ್ಯರ ಲಸಿಕೆ ಅಮೆರಿಕದಲ್ಲಿ ಬಳಕೆಗೆ ಬಂದುದೇ 1955ರಲ್ಲಿ. ನಮ್ಮಲ್ಲಿ ಬೀದಿಬೀದಿಯಲ್ಲಿ ಮೇಜು ಹಾಕಿ ಮಕ್ಕಳ ಬಾಯಿಗೆ ಎರಡು ಹನಿ ಬಿಡುವ ಕಾರ್ಯ 1995ರಲ್ಲಿ ಆರಂಭವಾಗಿ, 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋಮುಕ್ತವೆಂದು ಸಾರಿತು. ಅದಕ್ಕೆ ಮುಂಚೆ ಈ ನಾಡಿನ ಯಾವ ಬೀದಿಯಲ್ಲಿ ನೋಡಿದರೂ ಸೊರಗಿದ ಕೈಕಾಲಿನ ಒಂದು ಮಗುವಾದರೂ ಕಾಣುತ್ತಿತ್ತು. ನಾವು ಓದುತ್ತಿದ್ದ ತರಗತಿಯಲ್ಲಿಯೇ ಇಬ್ಬರಿದ್ದರು. ವಾಚಕರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಇದರ ಪ್ರಯೋಜನವಿದೆ.

ಹತ್ತು ವರ್ಷದ ಹೊತ್ತಿಗೆ ಕೈ ಆಡುವಷ್ಟು ಚೇತರಿಸಿಕೊಂಡಿತು. ಕುಟುಂಬವು ಬೆಂಗಳೂರಿಗೆ ಬಂದಿತು. ಬೀದಿಯಾಟದಿಂದ ಸಿಟಿ ಕ್ರಿಕೆಟರ್ಸ್ ಎಂಬ ಸಂಘಕ್ಕೆ, ಅಲ್ಲಿಂದ 1963ರಲ್ಲಿ ಆಗಿನ ಮೈಸೂರು ರಾಜ್ಯದ ತಂಡಕ್ಕೆ, ಅಲ್ಲಿಂದ ಕೆಲವೇ ತಿಂಗಳಲ್ಲಿ ಭಾರತದ ತಂಡಕ್ಕೆ ಅವರು ಏರಿದರು. 1964ರ ಜನವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಮೇಲೆ ಮೊದಲ ಟೆಸ್ಟ್ ಪಂದ್ಯವಾಡಿದಾಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1979ರವರೆಗೆ 58 ಟೆಸ್ಟುಗಳಲ್ಲಿ 242 ವಿಕೆಟ್ಟುಗಳನ್ನು ತೆಗೆದರು.

ಇನ್ನು ಆ ಕೈಯ ಮಾತು. ಸೊರಗಿದ ತೋಳು ಚಾಟಿಯಂತೆ ಬೀಸುತ್ತಿತ್ತು, ಆದಕಾರಣ ಚೆಂಡು ಸ್ಪಿನ್ ಬೌಲರುಗಳಲ್ಲಿ ಕಾಣದ ವೇಗದಿಂದ ಬರುತ್ತಿತ್ತು ಎಂಬುದು ಲೋಕರೂಢಿಯಾದ ವಿವರಣೆ. ಇದು ಪೂರ್ಣ ಸುಳ್ಳೆಂದು ನಾವು ಹೇಳುವುದಿಲ್ಲ. ಲೆಗ್‌ಸ್ಪಿನ್ ಹಾಕುವವರು ಸಾಮಾನ್ಯವಾಗಿ ನಾಲ್ಕು ಹೆಜ್ಜೆ ಬಂದು ಚೆಂಡನ್ನು ಗಾಳಿಯಲ್ಲಿ ತೇಲಿಬಿಡುವವರು. ಚಂದ್ರಶೇಖರರಾದರೋ ದೂರದಿಂದ ಓಡಿಬಂದು ಮಧ್ಯಮ ವೇಗದ ಬೌಲರಿನಷ್ಟು ಬಿರುಸಾಗಿ ಹಾಕುತ್ತಿದ್ದರು. ಹೊರಗೆ ತಿರುಗುವ ಲೆಗ್‌ಬ್ರೇಕಿಗಿಂತ ಒಳಕ್ಕೆ ನುಗ್ಗುವ ಗೂಗ್ಲಿಯೂ, ತಿರುಗದೆ ನೆಗೆಯುವ ಟಾಪ್‌ಸ್ಪಿನ್ನರೂ ಅವರ ಮುಖ್ಯಾಯುಧಗಳಾಗಿದ್ದವು. ಬ್ಯಾಟುಗಾರನಿಗೆ ಕೈಯನ್ನು ನೋಡಿ ತಿಳಿದುಕೊಳ್ಳುವಷ್ಟೂ ಹೊತ್ತಿಲ್ಲ, ನೆಲದ ಮೇಲೆ ನೋಡಿ ಆಡುವಷ್ಟೂ ಹೊತ್ತಿಲ್ಲ.

ಆದರೆ ಕಾರಣವನ್ನು ನಿರ್ಣಯಿಸುವಾಗ ತರ್ಕಶಾಸ್ತ್ರದ ಮೊದಲ ಪಾಠವನ್ನು ಮರೆಯಬಾರದು. ಎಲ್ಲಿ ಹೇತುವಿದ್ದೂ ಕಾರ್ಯವಿಲ್ಲವೋ ಅಲ್ಲಿ ಆ ಹೇತುವೊಂದೇ ಸಾಲದು. ಸೊರಗಿದ ತೋಳೇ ಚಂದ್ರಶೇಖರರನ್ನು ಮಾಡಿತೆಂದಾದರೆ, ಅದೇ ಕಾಲದಲ್ಲಿ ಅದೇ ರೋಗದಿಂದ ನರಳಿದ ಲೆಕ್ಕವಿಲ್ಲದಷ್ಟು ಮಕ್ಕಳಲ್ಲಿ ಇನ್ನೊಬ್ಬ ಚಂದ್ರಶೇಖರರೇಕೆ ಹುಟ್ಟಲಿಲ್ಲ? ನಮ್ಮ ತರಗತಿಯ ಆ ಇಬ್ಬರಲ್ಲಿ ಒಬ್ಬನು ಬರೆಯುವುದಕ್ಕೇ ಪ್ರಯಾಸಪಡುತ್ತಿದ್ದನು. ಕೈ ತೋಳಾಗಿ ಏನು ಕೊಟ್ಟಿತೋ ಅದು ಸ್ವಲ್ಪ. ಮಣಿಕಟ್ಟು, ಕಣ್ಣು, ಚೆಂಡನ್ನು ಬಿಡುವ ಕ್ಷಣದ ಅರಿವು, ಇವೆಲ್ಲ ರೋಗ ಕೊಟ್ಟ ಸ್ವತ್ತಲ್ಲ, ಅಭ್ಯಾಸದಿಂದ ಬಂದವು. ಇದಕ್ಕೆ ಮೈದಾನದಲ್ಲಿಯೇ ಸಾಕ್ಷಿಯಿತ್ತು. ಬಲಗೈಯಿಂದ ಬೌಲ್ ಮಾಡುತ್ತಿದ್ದ ಚಂದ್ರಶೇಖರರು ಫೀಲ್ಡಿಂಗಿನಲ್ಲಿ ಚೆಂಡನ್ನು ಹಿಂದಿರುಗಿಸಬೇಕಾದರೆ ಎಡಗೈಯಿಂದ ಎಸೆಯುತ್ತಿದ್ದರು! ಬಲಗೈ ಅದಕ್ಕೆ ಒದಗುತ್ತಿರಲಿಲ್ಲ. ದೌರ್ಬಲ್ಯವು ಎಲ್ಲಿಗೂ ಹೋಗಿರಲಿಲ್ಲ, ಅಲ್ಲಿಯೇ ಇತ್ತು. ಅವರು ಅದರ ಪಕ್ಕದಲ್ಲಿ ದಾರಿ ಮಾಡಿಕೊಂಡಿದ್ದರು.

ಚಂದ್ರಶೇಖರರ ಮೇಲೆ ಹೊರಿಸುವ ಮುಖ್ಯ ದೋಷವೆಂದರೆ ನಿಯಮವಿಲ್ಲದಿರುವಿಕೆ. ಒಂದು ಓವರಿನಲ್ಲಿ ಎರಡು ಚೆಂಡು ಅದ್ಭುತ, ಒಂದು ನೆಲದ ಅರ್ಧಕ್ಕೇ ಬಿದ್ದು ಬೌಂಡರಿಗೆ ಹೋಗುವಂಥದು. ಮುಂದಿನ ಚೆಂಡು ಏನಾಗುವುದೆಂದು ಬ್ಯಾಟುಗಾರನಿರಲಿ, ಹಾಕುವವರಿಗೇ ತಿಳಿಯದು ಎಂಬ ಹಾಸ್ಯೋಕ್ತಿಯೂ ಹುಟ್ಟಿಕೊಂಡಿತು. ಈ ಆಕ್ಷೇಪವು ಲೆಕ್ಕದಲ್ಲಿ ನಿಲ್ಲುತ್ತದೆಯೇ? ನಿಲ್ಲುತ್ತದೆ. ಬಿಷನ್ ಸಿಂಗ್ ಬೇಡಿಯವರು ನೂರು ಚೆಂಡಿಗೆ ಕೊಟ್ಟುದು ಸುಮಾರು 36 ರನ್ನು, ನಮ್ಮವರೇ ಆದ ಎರಾಪಳ್ಳಿ ಪ್ರಸನ್ನರು 40, ಚಂದ್ರಶೇಖರರು 45. ಗೃಹಸ್ಥನ ದೃಷ್ಟಿಯಲ್ಲಿ ಇದು ದುಂದುವೆಚ್ಚ. ಆದರೆ ಅದೇ ಲೆಕ್ಕದ ಇನ್ನೊಂದು ಪುಟವನ್ನು ತಿರುವಿದರೆ ಬೇರೆಯೇ ಕಾಣುತ್ತದೆ. ಒಂದು ವಿಕೆಟ್ಟಿಗೆ ಬೇಡಿಯವರಿಗೆ ಬೇಕಾದುದು 80 ಚೆಂಡು, ಪ್ರಸನ್ನರಿಗೆ 76, ವೆಂಕಟರಾಘವನ್ನರಿಗೆ 95. ಚಂದ್ರಶೇಖರರಿಗೆ ಸಾಕಾದುದು 66.

ನಮ್ಮ ಅಲಂಕಾರಶಾಸ್ತ್ರದಲ್ಲಿ ದೋಷಗಳನ್ನು ನಿತ್ಯವೆಂದೂ ಅನಿತ್ಯವೆಂದೂ ವಿಂಗಡಿಸುವುದುಂಟು. ಕಿವಿಗೆ ಕರ್ಕಶವಾದ ಶಬ್ದವು ಶೃಂಗಾರದಲ್ಲಿ ದೋಷ, ರೌದ್ರದಲ್ಲಿ ಅಲ್ಲ. ಧ್ವನ್ಯಾಲೋಕವನ್ನು ಬರೆದ ಆನಂದವರ್ಧನನು ಇಂಥವನ್ನೇ ಅನಿತ್ಯದೋಷಗಳೆಂದನು. ಎಲ್ಲಿದ್ದರೂ ಕೆಡಿಸುವಂಥವು ಬೇರೆ. ಹಳೆಯ ಪಾಠವನ್ನು ಚೆಂಡಾಟಕ್ಕೆ ತಂದು ಹಚ್ಚಿದರೆಂದು ಪಂಡಿತರು ನಗಬಹುದು, ನಗಲಿ. ಚಂದ್ರಶೇಖರರ ಅನಿಯತತೆ ನಮ್ಮ ಮಟ್ಟಿಗೆ ಅನಿತ್ಯದೋಷ. ಎದುರಾಳಿಗಳನ್ನು ಕಟ್ಟಿಹಾಕಿ ದಿನ ಕಳೆಯಬೇಕಾದ ಪಂದ್ಯದಲ್ಲಿ ಅದು ತಂಡಕ್ಕೆ ಭಾರ. ಎದುರಾಳಿಗಳನ್ನು ಉರುಳಿಸಲೇಬೇಕಾದ ಪಂದ್ಯದಲ್ಲಿ ಅದೇ ಬಲ.

1971ರ ಆಗಸ್ಟ್ ತಿಂಗಳ ಓವಲ್ ಪಂದ್ಯವು ಎರಡನೆಯ ಬಗೆಯದು. ಅದಕ್ಕೆ ಮುಂಚೆ ಮೂರು ವರ್ಷಕ್ಕೂ ಹೆಚ್ಚು ಕಾಲ ಚಂದ್ರಶೇಖರರು ತಂಡದ ಹೊರಗಿದ್ದರು. ಅದೇ ವರ್ಷದ ಆದಿಯಲ್ಲಿ ವೆಸ್ಟ್ ಇಂಡೀಸಿಗೆ ಹೋಗಿ ಗೆದ್ದುಬಂದ ತಂಡದಲ್ಲಿಯೂ ಅವರಿರಲಿಲ್ಲ. ಇಂಗ್ಲೆಂಡಿನಲ್ಲಿ ಮೊದಲೆರಡು ಟೆಸ್ಟುಗಳು ನಿರ್ಣಯವಿಲ್ಲದೆ ಮುಗಿದು, ಮೂರನೆಯದರಲ್ಲಿ ಇಂಗ್ಲೆಂಡ್ 355, ಭಾರತ 284. ಎಪ್ಪತ್ತೊಂದು ರನ್ನಿನ ಹಿನ್ನಡೆ. ಆಗ ಚೆಂಡು ಚಂದ್ರಶೇಖರರ ಕೈಗೆ ಬಂದಿತು. ಮೊದಲು ಬಿದ್ದ ವಿಕೆಟ್ಟು ಅದೃಷ್ಟದ್ದು: ಲಕ್‌ಹರ್ಸ್ಟ್ ನೇರವಾಗಿ ಹೊಡೆದ ಚೆಂಡು ಚಂದ್ರಶೇಖರರ ಕೈಸೋಕಿ ಎದುರುಬದಿಯ ವಿಕೆಟ್ಟಿಗೆ ಬಡಿಯಿತು, ಗೆರೆ ಬಿಟ್ಟಿದ್ದ ಜೇಮ್ಸನ್ ರನ್ನೌಟಾದರು. ಅನಂತರ ಎಡ್ರಿಚ್. ಚಂದ್ರಶೇಖರರು ಹಾಕಲು ಹೊರಟಿದ್ದಾಗ ದಿಲೀಪ್ ಸರ್ದೇಸಾಯಿಯವರು ಆ ವರ್ಷ ಡರ್ಬಿ ಪಂದ್ಯವನ್ನು ಗೆದ್ದ ಮಿಲ್ ರೀಫ್ ಎಂಬ ಕುದುರೆಯ ಹೆಸರನ್ನು ಹೇಳಿದರಂತೆ. ವೇಗದ ಚೆಂಡನ್ನು ಹಾಕೆಂಬುದು ಅದರ ಸಂಕೇತ. ಈ ಸಂಗತಿಯನ್ನು ಚಂದ್ರಶೇಖರರೇ ತಿಳಿಸಿದ್ದಾರೆ. ಎಡ್ರಿಚ್ ಬ್ಯಾಟನ್ನು ಇಳಿಸುವಷ್ಟರಲ್ಲಿ ಸ್ಟಂಪು ಬಿದ್ದಿತ್ತು. ಮುಂದಿನ ಚೆಂಡಿಗೇ ಫ್ಲೆಚರ್, ಏಕನಾಥ ಸೋಲ್ಕರರ ಕೈಯಲ್ಲಿ ಸಿಕ್ಕಿದರು. ಇಂಗ್ಲೆಂಡ್ 101ಕ್ಕೆ ಮುಗಿಯಿತು. ಚಂದ್ರಶೇಖರರಿಗೆ 38 ರನ್ನಿಗೆ ಆರು. ಆಗಸ್ಟ್ 24ರಂದು ಭಾರತವು ನಾಲ್ಕು ವಿಕೆಟ್ಟುಗಳು ಉಳಿದಿರುವಂತೆ ಗೆದ್ದಿತು. ಇಂಗ್ಲೆಂಡಿನ ನೆಲದಲ್ಲಿ ನಮ್ಮ ಮೊದಲ ಟೆಸ್ಟ್ ವಿಜಯ ಅದು.

ಮುಂದಿನ ಚೆಂಡು ಏನೆಂದು ಹಾಕುವವರಿಗೇ ತಿಳಿಯದೆಂಬ ಹಾಸ್ಯೋಕ್ತಿಗೆ ಆ ಕುದುರೆಯ ಕಥೆಯೇ ಸಾಕಷ್ಟು ಉತ್ತರ. ವೇಗದ ಚೆಂಡನ್ನು ಹಾಕೆಂದರೆ ಆ ಕ್ಷಣದಲ್ಲಿಯೇ ಅದನ್ನು ಗುರಿಯಿಟ್ಟು ಹಾಕಬಲ್ಲವರಿಗೆ ತಮ್ಮ ಕೈಯ ವಿಷಯ ತಿಳಿದಿಲ್ಲವೆಂದು ಹೇಗೆ ಹೇಳೋಣ? ಅದೇ ಕಥೆಯಲ್ಲಿ ಅವರ ಇನ್ನೊಂದು ಅವಶ್ಯಕತೆಯೂ ಕಾಣುತ್ತದೆ. ಅವರಿಗೆ ಒಬ್ಬ ಸರ್ದೇಸಾಯಿ ಬೇಕಿತ್ತು, ಬ್ಯಾಟಿನ ಕೆಳಗೇ ಬಗ್ಗಿ ನಿಂತ ಒಬ್ಬ ಸೋಲ್ಕರ್ ಬೇಕಿತ್ತು, ಎದುರುಬದಿಯಿಂದ ರನ್ನನ್ನು ಬಿಗಿಹಿಡಿಯುವ ಒಬ್ಬ ಬೇಡಿ ಬೇಕಿತ್ತು. ಬೇಡಿಯವರಾದರೆ ಯಾವ ತಂಡದಲ್ಲಿಯೂ ತಮ್ಮ ಕೆಲಸವನ್ನು ತಾವು ಮಾಡಿಕೊಂಡಾರು; ಚಂದ್ರಶೇಖರರು ಹಾಗಲ್ಲ. ಇದನ್ನು ದೋಷವೆನ್ನುವವರೊಡನೆ ನಾವು ಜಗಳಕ್ಕೆ ನಿಲ್ಲುವುದಿಲ್ಲ.

ಅವರಾಡಿದ 58 ಪಂದ್ಯಗಳಲ್ಲಿ ಭಾರತ ಗೆದ್ದುದು 14. ಆ ಹದಿನಾಲ್ಕರಲ್ಲಿ ಅವರು ತೆಗೆದುದು 98 ವಿಕೆಟ್ಟು, ಪಂದ್ಯವೊಂದಕ್ಕೆ ಸರಿಯಾಗಿ ಏಳು. ಉಳಿದ 44 ಪಂದ್ಯಗಳಲ್ಲಿ 144, ಅಂದರೆ ಪಂದ್ಯಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು. ಅವರು ಚೆನ್ನಾಗಿ ಹಾಕಿದುದರಿಂದ ಭಾರತ ಗೆದ್ದಿತೋ, ಗೆಲ್ಲುವ ಸಂದರ್ಭ ಒದಗಿದಾಗ ಅವರು ಚೆನ್ನಾಗಿ ಹಾಕಿದರೋ ಎಂದು ಕೇಳಿದರೆ ಬೀಜವೃಕ್ಷನ್ಯಾಯವೇ ಆದೀತು. ಈ ಲೆಕ್ಕಕ್ಕೆ ಎದುರಾಗಿ ಒಂದು ವಿನೋದವನ್ನೂ ಹೇಳಬೇಕು. ಅವರ ಅತ್ಯುತ್ತಮ ಸಾಧನೆಯಾದ 79 ರನ್ನಿಗೆ ಎಂಟು ವಿಕೆಟ್ಟು ಬಂದುದು 1972ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ. ಆ ಪಂದ್ಯವನ್ನು ಭಾರತ ಸೋತಿತು! ಆದರೂ ಆ ಸರಣಿಯ ಐದು ಪಂದ್ಯಗಳಲ್ಲಿ ಅವರು 35 ವಿಕೆಟ್ಟು ತೆಗೆದರು, ಸರಣಿ ನಮ್ಮದಾಯಿತು.

ಇಲ್ಲಿ ಇನ್ನೊಬ್ಬ ಬೆಂಗಳೂರಿಗರನ್ನು ಪಕ್ಕದಲ್ಲಿ ನಿಲ್ಲಿಸಿ ನೋಡದೆ ಇರಲಾಗದು. ಅನಿಲ್ ಕುಂಬ್ಳೆಯವರು 1990ರಿಂದ 2008ರವರೆಗೆ 132 ಟೆಸ್ಟುಗಳಲ್ಲಿ 619 ವಿಕೆಟ್ಟುಗಳನ್ನು ಗಳಿಸಿದವರು. ಅವರೂ ವೇಗವಾಗಿ ಹಾಕುವ ಲೆಗ್‌ಸ್ಪಿನ್ನರು. ಕುಂಬ್ಳೆಯವರೆಂದರೆ ಶಿಸ್ತು, ಗುರಿ, ಗಡಿಯಾರದಂಥ ನಡೆ. ಚಂದ್ರಶೇಖರರೆಂದರೆ ಮಿಂಚು, ಮರುಕ್ಷಣ ಕತ್ತಲೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕಿನಲ್ಲಿಳಿದು ಚಿನ್ನಸ್ವಾಮಿ ಮೈದಾನಕ್ಕೆ ಹೋಗುವ ಹಳೆಯ ಪ್ರೇಕ್ಷಕರನ್ನು ಕೇಳಿದರೂ ಇದೇ ಮಾತು. ನಾವೂ ಹಾಗೆಯೇ ನಂಬಿದ್ದೆವು. ಆದರೆ ಕಾಗದ ಪೆನ್ಸಿಲು ಹಿಡಿದು ಭಾಗಿಸಿ ನೋಡಿದಾಗ ಬೆರಗಾಯಿತು. ಒಂದು ವಿಕೆಟ್ಟಿಗೆ ಚಂದ್ರಶೇಖರರು ಕೊಟ್ಟ ರನ್ನು 29.74, ಕುಂಬ್ಳೆಯವರು ಕೊಟ್ಟುದು 29.65. ವಿಕೆಟ್ಟೊಂದಕ್ಕೆ ಇಬ್ಬರಿಗೂ ಬೇಕಾದುದು 66 ಚೆಂಡು. ನೂರು ಚೆಂಡಿಗೆ ಇಬ್ಬರೂ ಕೊಟ್ಟುದು 45 ರನ್ನು. ಎರಡು ಸಲ ಗುಣಿಸಿ ನೋಡಿದೆವು, ತಪ್ಪಿರಲಿಲ್ಲ.

ಕುಂಬ್ಳೆಯವರ ಕಾಲದಲ್ಲಿ ಎಲ್ಲರೂ ಬೇಗಬೇಗ ರನ್ನು ಮಾಡುತ್ತಿದ್ದರು, ಚಂದ್ರಶೇಖರರ ಕಾಲದಲ್ಲಿ ನಿಧಾನ. ಆದುದರಿಂದ ಅದೇ 45 ಒಬ್ಬರಲ್ಲಿ ಮಿತವ್ಯಯ, ಇನ್ನೊಬ್ಬರಲ್ಲಿ ದುಂದು ಎಂಬ ವಾದಕ್ಕೆ ನ್ಯಾಯವಿದೆ, ಒಪ್ಪುತ್ತೇವೆ. ಒಪ್ಪಿದ ಮೇಲೂ ಇಷ್ಟು ಉಳಿಯುತ್ತದೆ: ಒಬ್ಬರನ್ನು ಯಂತ್ರವೆಂದೂ ಇನ್ನೊಬ್ಬರನ್ನು ದೈವಾಧೀನವೆಂದೂ ನಾವು ಭಾಗ ಮಾಡಿದುದು ಕಣ್ಣಿನ ನೆನಪಿನಿಂದಲೇ ಹೊರತು ಲೆಕ್ಕದಿಂದಲ್ಲ. ಚಂದ್ರಶೇಖರರ ಕೆಟ್ಟ ಚೆಂಡುಗಳನ್ನು ಜನ ಬಹಳ ನೆನಪಿಟ್ಟುಕೊಂಡರು. ಕೈ ಸೊರಗಿದವನು ಆಡುವುದೇ ಪವಾಡವೆಂದುಕೊಂಡವರಿಗೆ, ಆ ಪವಾಡ ಒಮ್ಮೊಮ್ಮೆ ತಪ್ಪುವುದೂ ಸಹಜವೆಂದು ತೋರಿರಬೇಕು.

ನಿತ್ಯದೋಷವೊಂದಿತ್ತು, ಅದು ಬ್ಯಾಟಿಂಗು. 80 ಸಲ ಬ್ಯಾಟ್ ಹಿಡಿದುಹೋಗಿ ಅವರು ಒಟ್ಟು ಗಳಿಸಿದುದು 167 ರನ್ನು. ತೆಗೆದ ವಿಕೆಟ್ಟುಗಳಿಗಿಂತ ಮಾಡಿದ ರನ್ನು ಕಡಮೆ! ಸೊನ್ನೆಗೆ ಔಟಾದುದು 23 ಬಾರಿ. 1977-78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಅವರ ಸೊನ್ನೆಗಳ ಸ್ಮರಣಾರ್ಥವಾಗಿ ಅವರಿಗೆ ನಡುವೆ ತೂತು ಕೊರೆದ ಬ್ಯಾಟೊಂದನ್ನು ಕಾಣಿಕೆಯಾಗಿ ಕೊಟ್ಟರೆಂದು ಪ್ರಸಿದ್ಧಿ. ಕೇಳಿ ನಾವೂ ನಕ್ಕಿದ್ದೇವೆ. ಈಗ ಯೋಚಿಸಿದರೆ ಅಷ್ಟು ನಗು ಬರುವುದಿಲ್ಲ. ಬ್ಯಾಟನ್ನು ಹಿಡಿದು ವೇಗದ ಚೆಂಡನ್ನು ತಡೆಯಲು ಎರಡು ಕೈಗಳ ಬಲವೂ ಬೇಕು. ಅಲ್ಲಿ ಪಕ್ಕದ ದಾರಿಯಿಲ್ಲ. ಹೀಗಿದ್ದೂ ಅದೇ ಪ್ರವಾಸದಲ್ಲಿ ಮೆಲ್ಬೋರ್ನಿನ ಪಂದ್ಯದಲ್ಲಿ ಎರಡು ಇನ್ನಿಂಗ್ಸುಗಳಲ್ಲಿಯೂ 52 ರನ್ನಿಗೆ ಆರಾರು ವಿಕೆಟ್ಟು ತೆಗೆದು, ಆಸ್ಟ್ರೇಲಿಯಾದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ವಿಜಯವನ್ನು ಅವರು ದೊರಕಿಸಿಕೊಟ್ಟರು. ನಾವು ಆಗ ಬಾಲಕರು. ಬೆಳಗಿನ ಜಾವದ ಚಳಿಯಲ್ಲಿ ಕಂಬಳಿ ಹೊದ್ದು ರೇಡಿಯೋದ ಮುಂದೆ ಕುಳಿತಿದ್ದುದೂ, ಕಾಫಿ ತಂದ ನಮ್ಮ ತಾಯಿಯವರು “ಯಾರೋ ನಮ್ಮ ಮೈಸೂರಿನವರಂತೆ ಅಲ್ವೇನೋ?” ಎಂದುದೂ ಚೆನ್ನಾಗಿ ನೆನಪಿದೆ.

ಕೊನೆ ಬೇಗ ಬಂದಿತು. 1978ರ ಕೊನೆಯಲ್ಲಿ ಪಾಕಿಸ್ತಾನದ ಪ್ರವಾಸದಲ್ಲಿ ಜಹೀರ್ ಅಬ್ಬಾಸ್ ಮುಂತಾದವರು ನಮ್ಮ ಸ್ಪಿನ್ನರುಗಳನ್ನೆಲ್ಲ ಒಟ್ಟಿಗೆ ಬಡಿದುಹಾಕಿದರು. 1972ರ ವಿಸ್ಡನ್ ವಾರ್ಷಿಕ ಗ್ರಂಥವು ವರ್ಷದ ಐವರು ಆಟಗಾರರೆಂದು ಆರಿಸಿದವರಲ್ಲಿ ಚಂದ್ರಶೇಖರರೂ ಇದೇ ಜಹೀರರೂ ಇದ್ದರೆಂಬುದು ವಿಧಿಯ ವಿನೋದ. 1979ರ ಜುಲೈಯಲ್ಲಿ ಎಡ್ಜ್‌ಬಾಸ್ಟನ್ನಿನಲ್ಲಿ ಇಂಗ್ಲೆಂಡ್ ಐದು ವಿಕೆಟ್ಟಿಗೆ 633 ರನ್ನು ಮಾಡಿತು. ಬಿದ್ದ ಐದನ್ನೂ ತೆಗೆದವರು ಯುವಕರಾದ ಕಪಿಲ್ ದೇವರು. ಚಂದ್ರಶೇಖರರಿಗೆ ಒಂದೂ ಇಲ್ಲ. ಅದೇ ಅವರ ಕೊನೆಯ ಟೆಸ್ಟ್. ಬಿರುಸೇ ಬಲವಾದವರಿಗೆ ಬಿರುಸು ತಗ್ಗಿದ ಮೇಲೆ ಹಿಂದೆ ಕೂಡಿಟ್ಟ ಗಂಟು ಇರುವುದಿಲ್ಲ. ಜಾಣ್ಮೆಯಿಂದ ಇನ್ನೆರಡು ವರ್ಷ ತಳ್ಳುವ ಬಗೆ ಅವರಿಗೆ ಇರಲಿಲ್ಲವೆಂದು ನಮ್ಮ ಅಭಿಪ್ರಾಯ.

ಇಷ್ಟೆಲ್ಲ ಬರೆದಿಟ್ಟುಕೊಂಡ ಮೇಲೆ ಹುಡುಗನಿಗೆ ಹೇಳುವುದು ಕಷ್ಟವಾಗಲಿಲ್ಲ. “ಕೈ ಸಣ್ಣದಾದ್ದರಿಂದ ಅವರ ಚೆಂಡು ತಿರುಗಲಿಲ್ಲ ಕಣಪ್ಪ. ಕೈ ಸಣ್ಣದಾಗಿದ್ದೂ ತಿರುಗಿತು. ನಿನ್ನದು ತಿರುಗೀತೋ ಇಲ್ಲವೋ ನನಗೆ ತಿಳಿಯದು” ಎಂದೆವು. ಪಕ್ಕದಲ್ಲಿ ನಿಂತಿದ್ದ ತಂದೆಯ ಮುಖ ಬಾಡಿತು. “ಮಗೂಗೆ ಇರೋ ಒಂದು ಆಸೇನೂ ಕಿತ್ಕೊಂಡ್ರಲ್ಲ ಮೇಷ್ಟ್ರೇ” ಎಂದು ಹೇಳಿ ಒಳಕ್ಕೆ ಹೋದವರು ನಾಲ್ಕು ದಿನ ಪತ್ರಿಕೆ ಕೇಳಲೂ ನಮ್ಮ ಮನೆಗೆ ಬರಲಿಲ್ಲ. ನಾವು ಮಾಡಿದುದು ಸರಿಯೇ ಎಂದು ನಮಗೂ ಆ ನಾಲ್ಕು ದಿನ ಸಮಾಧಾನವಿರಲಿಲ್ಲ.

ಹುಡುಗನು ಮಾತ್ರ ಅಲ್ಲಿಯೇ ನಿಂತಿದ್ದನು. ಅವನಿಗೆ ಓವಲ್ಲಾಗಲಿ ಮೆಲ್ಬೋರ್ನಾಗಲಿ ಬೇಕಾಗಿರಲಿಲ್ಲ. “ಅವರು ಎಡಗೈಲಿ ಎಸೀತಿದ್ರಾ? ನಿಜವಾಗ್ಲೂನಾ?” ಎಂದು ಎರಡು ಸಲ ಕೇಳಿದನು. ಹೌದೆಂದೆವು. ಇದುವರೆಗೆ ಫೀಲ್ಡಿಂಗಿನಲ್ಲಿ ಚೆಂಡು ಸಿಕ್ಕಿದರೆ ಬಲಗೈಯಲ್ಲಿ ಎಸೆಯಲಾರದೆ ಓಡಿಬಂದು ಕೊಡುತ್ತಿದ್ದನಂತೆ. ಎಡಗೈಯಲ್ಲಿ ಎಸೆದರೆ ಉಳಿದವರು ನಗುವರೆಂದು ಅಂಜಿಕೆ. ಆ ಸಂಜೆಯಿಂದ ಎಡಗೈಯಲ್ಲಿ ಎಸೆಯತೊಡಗಿದ್ದಾನೆ. ಗುರಿ ಇನ್ನೂ ಕುದುರಿಲ್ಲ. ತುಳಸಿಕಟ್ಟೆಯ ಒಂದು ಮೂಲೆ ಒಡೆದಿದೆ, ಪಕ್ಕದಲ್ಲಿದ್ದ ದಾಸವಾಳದ ಕುಂಡವನ್ನು ಒಳಗಿಟ್ಟುಕೊಂಡಿದ್ದೇವೆ.